ಆಲ್ಪ್ಸ್‌ನ ಪ್ರವಾಸಿ ಕಣಿವೆಗಳಲ್ಲಿ ಬದುಕು ಮತ್ತು ದುಡಿಮೆ: ಇಲ್ಲಿ ನೆಲೆಸಿರುವವರು ಬರೆಯಿರಿ

ಗ್ರಿಂಡೆಲ್‌ವಾಲ್ಡ್ ನಿವಾಸಿ, ಮೂಲ ಶಿರಸಿ

ಸ್ವಿಟ್ಜರ್‌ಲೆಂಡಿಗೆ ಬಂದುಹೋದವರ ಪ್ರವಾಸ ಕಥನಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಆದರೆ ಪ್ರವಾಸಿಗಳ ಬಸ್ಸು ಹೊರಟುಹೋದ ಮೇಲೆ ಈ ಊರುಗಳಲ್ಲಿ ಉಳಿಯುವವರು ಯಾರು, ಅವರು ಏನು ಮಾಡಿ ಹೊಟ್ಟೆ ಹೊರೆಯುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದನ್ನು ಬರೆದವರು ವಿರಳ. ಬರ್ನ್ ಪ್ರಾಂತ್ಯದ ಬೆಟ್ಟಸೀಮೆಯಾದ ಬರ್ನೀಸ್ ಓಬರ್‌ಲ್ಯಾಂಡಿನ ಇಂಟರ್‌ಲಾಕೆನ್, ಲೌಟರ್‌ಬ್ರುನ್ನೆನ್, ವೆಂಗೆನ್, ಗ್ರಿಂಡೆಲ್‌ವಾಲ್ಡ್ ಮುಂತಾದ ಊರುಗಳಲ್ಲಿ ಕನ್ನಡಿಗರು ಬೆರಳೆಣಿಕೆಯಷ್ಟಾದರೂ ಇದ್ದೇವೆ. ಒಬ್ಬೊಬ್ಬರೂ ತಮ್ಮ ಕೆಲಸದ ವಿವರ ಬರೆದರೆ ಒಳ್ಳೆಯ ಚರ್ಚೆಯಾದೀತು ಎಂದು ಆರಂಭಿಸುತ್ತಿದ್ದೇನೆ.

ನಾನು ಗ್ರಿಂಡೆಲ್‌ವಾಲ್ಡಿನ ರೈತ ಕುಟುಂಬವೊಂದಕ್ಕೆ ಸೊಸೆಯಾಗಿ ಬಂದವಳು. ಸಮುದ್ರ ಮಟ್ಟದಿಂದ 1,034 ಮೀಟರ್ ಎತ್ತರದಲ್ಲಿರುವ, ಸುಮಾರು 4,000 ಜನರ ಊರು ಇದು. 1890ರಲ್ಲಿ ಇಲ್ಲಿಗೆ ರೈಲು ಬಂತು. 1912ರಲ್ಲಿ ಐಗರ್ ಬೆಟ್ಟದ ಹೊಟ್ಟೆಯನ್ನೇ ಕೊರೆದು 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಖ್ ತನಕ ಹಳಿ ಹಾಕಿ ಮುಗಿಸಿದರು. 2015ರಲ್ಲಿ ಮೊದಲ ಬಾರಿಗೆ ಒಂದೇ ವರ್ಷದಲ್ಲಿ 10 ಲಕ್ಷಕ್ಕಿಂತ ಹೆಚ್ಚು ಜನ ಆ ನಿಲ್ದಾಣಕ್ಕೆ ಹೋಗಿಬಂದರು. 2020ರ ಡಿಸೆಂಬರಿನಲ್ಲಿ ಐಗರ್ ಎಕ್ಸ್‌ಪ್ರೆಸ್ ಎಂಬ ಕೇಬಲ್ ಕಾರ್ ಶುರುವಾದ ಮೇಲೆ ಊರಿನ ಅಂಚಿನಿಂದ ಹಿಮನದಿಯ ಬಾಗಿಲಿಗೆ 15 ನಿಮಿಷದಲ್ಲಿ ತಲುಪಬಹುದು. ಪ್ರವಾಸಿಗೆ ಇದು ಅನುಕೂಲವೇ. ಆದರೆ ಮುಂಚೆ ಎರಡು ರಾತ್ರಿ ತಂಗುತ್ತಿದ್ದವರು ಈಗ ಬೆಳಗ್ಗೆ ಬಂದು ಸಂಜೆಯೊಳಗೆ ಬೇರೆ ಊರಿಗೆ ಹೋಗಬಹುದಾದ್ದರಿಂದ, ಜನಸಂದಣಿ ಹೆಚ್ಚಾದಷ್ಟು ಊರೊಳಗಿನ ಸಣ್ಣ ವಸತಿಗೃಹಗಳ ಗಳಿಕೆ ಹೆಚ್ಚಿಲ್ಲ ಎಂಬುದು ನನ್ನ ಅನಿಸಿಕೆ.

ನಮ್ಮ ಮನೆಯಲ್ಲಿ ಯಾರಿಗೂ ಒಂದೇ ಕೆಲಸವಿಲ್ಲ. ಡಿಸೆಂಬರಿನಿಂದ ಏಪ್ರಿಲ್ ಆರಂಭದವರೆಗೆ ನಾನು ಹೋಟೆಲೊಂದರ ಸ್ವಾಗತ ಕಟ್ಟೆಯಲ್ಲಿರುತ್ತೇನೆ, ನಮ್ಮವರು ಸ್ಕೀ ಮಾಡುವವರನ್ನು ಮೇಲಕ್ಕೊಯ್ಯುವ ಲಿಫ್ಟಿನಲ್ಲಿ ಪಾಳಿ ಮಾಡುತ್ತಾರೆ. ಕೊಟ್ಟಿಗೆಯಲ್ಲಿ ಹತ್ತಾರು ದನಗಳಿರುವುದರಿಂದ ಅವರು ಪಾಳಿಗೆ ಹೋಗುವ ಮುಂಚೆ, ಬಂದ ಮೇಲೆ ಹಾಲು ಕರೆಯುವುದು, ಗೊಬ್ಬರ ಬಾಚುವುದು ಇದ್ದೇ ಇದೆ. ಹಿಮ ಕರಗಿದ ಮೇಲಿನ ಏಪ್ರಿಲ್–ಮೇ ಹಾಗೂ ಹಿಮ ಬೀಳುವ ಮುಂಚಿನ ನವೆಂಬರ್ ನಡುಗಾಲ. ಆಗ ಅರ್ಧದಷ್ಟು ಹೋಟೆಲುಗಳು ಬಾಗಿಲು ಹಾಕಿರುತ್ತವೆ, ಹಂಗಾಮಿನ ಕೆಲಸಗಾರರು ಪೋರ್ಚುಗಲ್ಲಿಗೋ ಬೇರೆ ಕಡೆಗೋ ಊರಿಗೆ ಹೋಗಿರುತ್ತಾರೆ. ಸ್ಥಳೀಯರು ಮದುವೆ, ಮನೆ ರಿಪೇರಿ, ಹಲ್ಲು ಕೀಳಿಸುವುದು ಎಲ್ಲವನ್ನೂ ಈ ತಿಂಗಳುಗಳಿಗೇ ಮುಂದೂಡುತ್ತಾರೆ.

ಜೂನ್ ನಡುವಿನಲ್ಲಿ ದನಗಳು ಮೇಲಿನ ಹುಲ್ಲುಗಾವಲಿಗೆ ಹೋದ ಮೇಲೆ ಕಣಿವೆಯಲ್ಲಿ ಹುಲ್ಲು ಕೊಯ್ಲು. ನಮ್ಮ ಜಾಗದ ಒಂದು ತುಂಡು ಎಷ್ಟು ಕಡಿದಾಗಿದೆಯೆಂದರೆ ಯಂತ್ರ ನಿಲ್ಲುವುದಿಲ್ಲ. ಮುಳ್ಳಿನ ಅಟ್ಟೆಯ ಬೂಟು ಹಾಕಿಕೊಂಡು, ಉದ್ದ ಹಿಡಿಯ ಹುಲ್ಲುಗತ್ತಿಯಲ್ಲಿ ಬೀಸಬೇಕು. ಕೊಯ್ದದ್ದನ್ನು ಮಧ್ಯಾಹ್ನ ಕವೆಗೋಲಿನಿಂದ ಮಗುಚಿ, ಸಂಜೆಯ ಇಬ್ಬನಿಗೆ ಮುಂಚೆ ಇಳಿಜಾರಿನ ಕೆಳಗೆ ಉರುಳಿಸಿ, ಗುಡ್ಡೆ ಮಾಡಿ ಬಲೆಯಲ್ಲಿ ಕಟ್ಟಬೇಕು. ಮೂರು ದಿನ ಬಿಸಿಲಿನ ಮುನ್ಸೂಚನೆ ಇದ್ದರೆ ಹೋಟೆಲಿನಲ್ಲಿ ಕೆಲಸ ಮಾಡುವವರು, ಶಾಲೆಯ ಮೇಷ್ಟರು, ಎಲ್ಲರೂ ಹೊಲದಲ್ಲೇ. ರಸ್ತೆಯಲ್ಲಿ ನಿಂತು ಫೋಟೋ ತೆಗೆಯುವವರು ಕೊಯ್ಯದ ಹುಲ್ಲಿನೊಳಗೆ ಕಾಲಿಟ್ಟಾಗ ಅತ್ತೆಯವರ ಮುಖ ನೋಡಬೇಕು. ತುಳಿದ ಹುಲ್ಲು ಕತ್ತಿಗೆ ಸಿಗುವುದಿಲ್ಲ, ಕೊಳಕಾದದ್ದನ್ನು ದನ ಮೂಸುವುದಿಲ್ಲ.

ಅಡುಗೆಯವರು, ಇಂಟರ್‌ಲಾಕೆನ್, ಮೂಲ ಕುಂದಾಪುರ

ಅಕ್ಕ, ತಾವು ಬರೆದ ನಡುಗಾಲ ನಮ್ಮ ಅಡುಗೆಮನೆಯ ಮಟ್ಟಿಗೆ ತಲೆಕೆಳಗು. ಭಾರತದಲ್ಲಿ ಶಾಲೆಗಳಿಗೆ ಬೇಸಿಗೆ ರಜೆ ಬರುವುದು ಏಪ್ರಿಲ್–ಮೇ ತಿಂಗಳಲ್ಲಿ. ಐರೋಪ್ಯ ಪ್ರವಾಸಿಗಳಿಲ್ಲದೆ ಊರು ಖಾಲಿ ಹೊಡೆಯುವ ಹೊತ್ತಿಗೆ ಸರಿಯಾಗಿ ಅಹಮದಾಬಾದ್, ಮುಂಬಯಿ, ಬೆಂಗಳೂರಿನ ಬಸ್ಸುಗಳು ಬಂದು ನಿಲ್ಲುತ್ತವೆ. ಭಾರತೀಯರನ್ನು ಇಲ್ಲಿಯ ಹೋಟೆಲಿನವರು ಇಷ್ಟು ಆದರದಿಂದ ಕಾಣುವುದಕ್ಕೆ ಸಿನಿಮಾ ಚಿತ್ರೀಕರಣ ಒಂದು ಕಾರಣವಾದರೆ, ಈ ಕ್ಯಾಲೆಂಡರು ಅದಕ್ಕಿಂತ ದೊಡ್ಡ ಕಾರಣ ಎಂದು ನನ್ನ ಲೆಕ್ಕ. ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನು 2016ರಲ್ಲಿ ಇಂಟರ್‌ಲಾಕೆನ್‌ನಲ್ಲಿ ನಿಲ್ಲಿಸಿದ್ದಾರೆ. ನಮ್ಮವರು ಅದರ ಪಕ್ಕ ಒಂದು ಫೋಟೋ ತೆಗೆಸಿಕೊಂಡು ನೇರವಾಗಿ ಊಟಕ್ಕೆ ಬರುತ್ತಾರೆ.

ಊಟವೆಂದರೆ ಹೇಗೆ ಗೊತ್ತೇ? ಮೂರು ಬಸ್ಸು, ನೂರೈವತ್ತು ಜನ, ಮುಕ್ಕಾಲು ಗಂಟೆ. ದಾಲ್, ಜೀರಾ ರೈಸ್, ಪನೀರು, ಒಂದು ಒಣಪಲ್ಯ, ಉಪ್ಪಿನಕಾಯಿ, ಹಪ್ಪಳ. ಅದರಲ್ಲಿ ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಪಾತ್ರೆಗಳು ಬೇರೆ, ಅವುಗಳ ಸೌಟು ಬೇರೆ. ಸೌಟು ಅದಲುಬದಲಾಗದಂತೆ ಕಾಯುವುದಕ್ಕೇ ಒಬ್ಬ ಹುಡುಗ. ಕುಂದಾಪುರದವನ ಕೈಯಲ್ಲಿ ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸು ಹುರಿಯುವ ಯೋಗ ಬರುವುದು ನನ್ನ ರಜೆಯ ದಿನ, ನನ್ನ ಕೋಣೆಯಲ್ಲಿ ಮಾತ್ರ. ಅದಕ್ಕೂ ಹೊಗೆಯ ಅಲಾರಾಂ ಒಪ್ಪಬೇಕು.

ಮೇಲೆ ಯುಂಗ್‌ಫ್ರೌಯೋಖ್‌ನಲ್ಲೂ ಬಾಲಿವುಡ್ ಎಂಬ ಹೆಸರಿನ ಭಾರತೀಯ ಊಟದ ಮನೆಯಿದೆ. ಅಷ್ಟೆತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ನೀರು ಸುಮಾರು 88–89 ಡಿಗ್ರಿಯಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಎಷ್ಟು ಹೊತ್ತು ಕೊತಕೊತ ಎಂದರೂ ಕರಗುವುದಿಲ್ಲ. ಅಲ್ಲಿ ಕುಕ್ಕರ್ ಬೇಕೇ ಬೇಕು. ಹೊಸದಾಗಿ ಬಂದ ಹುಡುಗರಿಗೆ ಹಿರಿಯರು ಮೊದಲು ಹೇಳಿಕೊಡುವ ಪಾಠ ಇದು.

ಸಂಬಳದ ವಿಷಯದಲ್ಲಿ ಮುಚ್ಚುಮರೆ ಬೇಡ. ಹೋಟೆಲ್ ಉದ್ಯಮಕ್ಕೆ ದೇಶವ್ಯಾಪಿ ಒಪ್ಪಂದವೊಂದಿದೆ. ಯಾವ ತರಬೇತಿಯೂ ಇಲ್ಲದವರಿಗೂ ಈಗ ತಿಂಗಳಿಗೆ ಸುಮಾರು 3,700 ಫ್ರಾಂಕ್ ಕನಿಷ್ಠ ಸಂಬಳ, 13ನೆಯ ತಿಂಗಳದೆಂದು ಒಂದು ಹೆಚ್ಚುವರಿ ಸಂಬಳ, ವರ್ಷಕ್ಕೆ 5 ವಾರ ರಜೆ ಕೊಡಲೇಬೇಕು. ಊರಿನಲ್ಲಿ ಅದನ್ನು ರೂಪಾಯಿಗೆ ಗುಣಿಸಿ ಕಣ್ಣರಳಿಸುತ್ತಾರೆ. ಆದರೆ ಖಾಸಗಿ ಆರೋಗ್ಯ ವಿಮೆ ಪ್ರತಿಯೊಬ್ಬರಿಗೂ ಕಡ್ಡಾಯ, ಬಾಡಿಗೆ ಕೋಣೆಗಂತೂ ದೇವರೇ ಗತಿ. ನಾನು ಮೊದಲು ಕೆಲಸಕ್ಕಿದ್ದ ಕಡೆ ಒಂದು ಕೋಣೆಗೆ ನಾಲ್ವರನ್ನು ಹಾಕಿ ನಾಲ್ವರಿಂದಲೂ ಪೂರ್ತಿ ಬಾಡಿಗೆ ಹಿಡಿಯುತ್ತಿದ್ದರು. ಕೇಳಲು ಧೈರ್ಯವಿರಲಿಲ್ಲ, ಏಕೆಂದರೆ ಪರವಾನಗಿ ಆ ಕೆಲಸಕ್ಕೇ ಕಟ್ಟಿಹಾಕಿದ್ದು.

ಹೋಮ್‌ಸ್ಟೇ ನಡೆಸುವವರು, ಮೂಡಿಗೆರೆ

ನಾನು ಆಲ್ಪ್ಸ್ ನೋಡಿದವನಲ್ಲ. ಆದರೂ ಇಬ್ಬರ ಬರಹ ಓದುವಾಗ ನಮ್ಮೂರಿನ ಸುದ್ದಿಯನ್ನೇ ಓದಿದಂತಾಯಿತು. ಇಲ್ಲಿ ಶನಿವಾರ ಬಂತೆಂದರೆ ಚಾರ್ಮಾಡಿ ಘಾಟಿಯ ಅಂಚಿನವರೆಗೂ ಕಾರು. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಜಿಲ್ಲಾಡಳಿತ ಮಿತಿ ಹಾಕಿ, ಮುಂಗಡ ನೋಂದಣಿ ಕಡ್ಡಾಯ ಮಾಡಬೇಕಾಗಿ ಬಂತು. ಕಾಫಿ ತೋಟಗಳನ್ನು ಹೊರಗಿನವರು ಕೊಂಡು ರೆಸಾರ್ಟ್ ಕಟ್ಟುತ್ತಿದ್ದಾರೆ. ನನ್ನ ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವ ಹೆಂಗಸಿಗೆ ಊರೊಳಗೆ ಬಾಡಿಗೆ ಮನೆ ಸಿಗದೆ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಾರೆ.

ಆದ್ದರಿಂದ ಗ್ರಿಂಡೆಲ್‌ವಾಲ್ಡಿನ ಅಕ್ಕನವರಲ್ಲಿ ನನ್ನ ಪ್ರಶ್ನೆ ನೇರವಾದದ್ದು. ಅಲ್ಲಿಯ ಜಮೀನನ್ನು ದುಡ್ಡಿದ್ದವರು ಯಾರು ಬೇಕಾದರೂ ಕೊಳ್ಳಬಹುದೇ? ನೂರು ವರ್ಷಕ್ಕೂ ಮೇಲ್ಪಟ್ಟು ಪ್ರವಾಸೋದ್ಯಮ ನಡೆದಿರುವ ಜಾಗದಲ್ಲಿ ರೈತನ ಕೈಯಲ್ಲಿ ಇನ್ನೂ ಹುಲ್ಲುಗಾವಲು ಉಳಿದಿರುವುದಾದರೂ ಹೇಗೆ?

ಗ್ರಿಂಡೆಲ್‌ವಾಲ್ಡ್ ನಿವಾಸಿ, ಮೂಲ ಶಿರಸಿ

ಮೂಡಿಗೆರೆಯವರ ಎರಡನೆಯ ಪ್ರಶ್ನೆಗೆ ಉತ್ತರ ಉದ್ದವಾಗುತ್ತದೆ. ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಕೃಷಿಭೂಮಿಯನ್ನು ಎಲ್ಲರೂ ಕೊಳ್ಳುವಂತಿಲ್ಲ. 1994ರಿಂದ ಜಾರಿಯಲ್ಲಿರುವ ಕೇಂದ್ರ ಕಾನೂನಿನ ಪ್ರಕಾರ ಸ್ವತಃ ಉಳುಮೆ ಮಾಡುವವರಿಗೆ ಮಾತ್ರ, ಅದೂ ವಿಪರೀತವಲ್ಲದ ಬೆಲೆಗೆ, ಹೊಲ ಮಾರಲು ಅನುಮತಿ ಸಿಗುತ್ತದೆ. ನಮ್ಮ ಕರ್ನಾಟಕದಲ್ಲೂ ಕೃಷಿಕರಲ್ಲದವರು ಭೂಮಿ ಕೊಳ್ಳದಂತೆ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಕಲಮುಗಳಿದ್ದವು. 2020ರ ತಿದ್ದುಪಡಿಯಲ್ಲಿ ಅವನ್ನು ತೆಗೆದುಹಾಕಿದರು. ತಾವು ತೋಟಗಳ ಮಾರಾಟದ ಬಗ್ಗೆ ಬರೆದದ್ದನ್ನು ಓದಿದಾಗ ಮೊದಲು ನೆನಪಾದದ್ದು ಅದು.

ಇನ್ನು ಹುಲ್ಲುಗಾವಲು. ಗ್ರಿಂಡೆಲ್‌ವಾಲ್ಡಿನ ಎತ್ತರದ ಮೇವಿನ ನೆಲವೆಲ್ಲ ಏಳು ಸಂಘಗಳಿಗೆ ಸೇರಿದ್ದು. ಬೆರ್ಗ್‌ಶಾಫ್ಟ್ ಎಂದು ಅವಕ್ಕೆ ಹೆಸರು. ಅವುಗಳ ಕಟ್ಟುಪಾಡಿನ ಮೂಲ 1404ರ ಒಂದು ಪತ್ರ. ಮೇಲೆ ದನ ಬಿಡುವ ಹಕ್ಕು ಕಣಿವೆಯಲ್ಲಿರುವ ಜಮೀನಿಗೆ ಅಂಟಿಕೊಂಡಿದೆ. ಚಳಿಗಾಲದಲ್ಲಿ ನಿಮ್ಮ ಸ್ವಂತ ಹುಲ್ಲಿನಿಂದ ಎಷ್ಟು ದನ ಸಾಕಬಲ್ಲಿರೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಮೇಲಕ್ಕೆ ಹೊಡೆಯಬಹುದು. ಹಣವಂತನೊಬ್ಬ ಜೂನಿನಲ್ಲಿ ಐವತ್ತು ದನ ಕೊಂಡು ತಂದು ಸಾಮೂಹಿಕ ಹುಲ್ಲನ್ನು ಮೇಯಿಸಿ ಸೆಪ್ಟೆಂಬರಿನಲ್ಲಿ ಮಾರಿಬಿಡುವ ದಾರಿ ಇದರಿಂದ ಮುಚ್ಚಿತು.

ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದು ಪರಿಚಿತವೆನಿಸುತ್ತದೆ. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಕಾಡಾದ ನಮ್ಮ ಸೊಪ್ಪಿನ ಬೆಟ್ಟವೂ ಅಡಿಕೆ ತೋಟಕ್ಕೆ ಅಂಟಿದ ಹಕ್ಕು. ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ, ತೋಟ ಕೈ ಬದಲಾಯಿಸಿದರೆ ಬೆಟ್ಟವೂ ಅದರ ಹಿಂದೆಯೇ. ವ್ಯತ್ಯಾಸವಿರುವುದು ಒಡೆತನದಲ್ಲಿ. ನಮ್ಮಲ್ಲಿ ನೆಲ ಸರಕಾರದ್ದು, ಸೊಪ್ಪು ನಮ್ಮದು. ಬೇಲಿ ಯಾರು ಹಾಕಬೇಕು, ಬೋಳಾದ ಬೆಟ್ಟಕ್ಕೆ ಯಾರು ಹೊಣೆ ಎಂಬ ಜಗಳ ಅಪ್ಪನ ಕಾಲದಿಂದ ಬಗೆಹರಿದಿಲ್ಲ. ಇಲ್ಲಿ ನೆಲವೇ ಸಂಘದ್ದು. ಎಷ್ಟು ದನದ ಹಕ್ಕಿದೆಯೋ ಅದಕ್ಕೆ ತಕ್ಕಷ್ಟು ಗಂಟೆ ಕಲ್ಲು ಹೆಕ್ಕುವುದು, ಬೇಲಿ ಕಟ್ಟುವುದು, ದಾರಿ ಸರಿಮಾಡುವುದು ಕಡ್ಡಾಯ. ಬರದಿದ್ದವರು ಹಣ ತುಂಬಬೇಕು. ನಮ್ಮವರು ವಸಂತದಲ್ಲಿ ಆ ಕೆಲಸಕ್ಕೆ ಹೋದಾಗ ಹಿಮದಿಂದ ಉರುಳಿಬಂದ ಕಲ್ಲುಗಳನ್ನು ಬುಟ್ಟಿ ತುಂಬಿ ಸಾಲಾಗಿ ಪೇರಿಸುತ್ತಾರೆ. ಸಂಜೆ ಲೆಕ್ಕದ ಪುಸ್ತಕದಲ್ಲಿ ಹೆಸರಿನ ಮುಂದೆ ಗಂಟೆ ಬರೆಸಿಕೊಂಡೇ ಕೆಳಗಿಳಿಯುವುದು.

ಲಿಫ್ಟು, ಕೇಬಲ್ ಕಾರ್, ಸ್ಕೀ ಇಳಿಜಾರು ಎಲ್ಲವೂ ಈ ಸಂಘಗಳ ನೆಲದ ಮೇಲೆ ಹಾಯುವುದರಿಂದ, ಬೃಹತ್ ಕಂಪನಿಯೂ ಮೂವತ್ತು ದನ ಕಟ್ಟಿದವನ ಸಭೆಗೆ ಬಂದು ಒಪ್ಪಿಗೆ ಕೇಳಬೇಕಾಗುತ್ತದೆ. ಐಗರ್ ಎಕ್ಸ್‌ಪ್ರೆಸ್ಸಿಗೂ ಅದು ತಪ್ಪಲಿಲ್ಲ. ನನ್ನ ಒಟ್ಟು ಅಭಿಪ್ರಾಯ ಹೇಳಿಬಿಡುತ್ತೇನೆ: ಪ್ರವಾಸೋದ್ಯಮದ ಅಲೆಯಲ್ಲಿ ಇಲ್ಲಿಯ ಜನ ಉಳಿದುಕೊಂಡಿದ್ದರೆ ಅದಕ್ಕೆ ಕಾರಣ ಮಾರಲಾಗದ ಈ ಹಕ್ಕು. ಮಾರಬಹುದಾದ ವಸ್ತುಗಳಲ್ಲಿ, ಮುಖ್ಯವಾಗಿ ಮನೆಗಳಲ್ಲಿ, ಅವರು ಸೋಲುತ್ತಿದ್ದಾರೆ.

ಮನೆಯ ವಿಷಯ ಹೀಗಿದೆ. 2012ರ ಮಾರ್ಚ್ 11ರ ಜನಮತದಲ್ಲಿ, ಯಾವುದೇ ಊರಿನಲ್ಲಿ ಎರಡನೆಯ ಮನೆಗಳು, ಅಂದರೆ ರಜೆಗೆಂದು ಇಟ್ಟುಕೊಂಡ ಮನೆಗಳು, ಒಟ್ಟು ಮನೆಗಳ ಶೇ. 20ನ್ನು ಮೀರಬಾರದು ಎಂಬ ಪ್ರಸ್ತಾಪ ಶೇ. 50.6 ಮತಗಳಿಂದ ಗೆದ್ದಿತು. ಬೆಟ್ಟದ ಊರುಗಳು ಬಹುಪಾಲು ವಿರುದ್ಧವಾಗಿದ್ದವು, ನಗರಗಳು ಗೆಲ್ಲಿಸಿದವು. ನಮ್ಮಂಥ ಊರು ಆ ಮಿತಿಯನ್ನು ಎಂದೋ ದಾಟಿತ್ತು. ಹೊಸ ರಜಾಮನೆ ಕಟ್ಟುವುದಕ್ಕೆ ತಡೆ ಬಿತ್ತು. ಆದರೆ ಆ ದಿನಾಂಕಕ್ಕಿಂತ ಮೊದಲೇ ಇದ್ದ ಮನೆಗಳಿಗೆ ಕಾನೂನು ಸ್ವಾತಂತ್ರ್ಯ ಕೊಟ್ಟಿದೆ. ಅಜ್ಜಿಯೊಬ್ಬರು ತೀರಿಕೊಂಡರೆ, ವರ್ಷಪೂರ್ತಿ ಜನ ವಾಸವಿದ್ದ ಅವರ ಹಳೆಯ ಮರದ ಮನೆಯನ್ನು ಮಕ್ಕಳು ರಜಾಮನೆಯಾಗಿ ಮಾರಬಹುದು, ದಿನದ ಬಾಡಿಗೆಗೆ ಬಿಡಬಹುದು. ಹೊಸದು ಕಟ್ಟುವಂತಿಲ್ಲದ ಕಾರಣ ಹಳೆಯದಕ್ಕೆ ಬೆಲೆ ಇನ್ನೂ ಏರಿತು. ಶಾಲೆಯ ಶಿಕ್ಷಕಿ, ರೈಲಿನ ಕೆಲಸಗಾರ ಇಬ್ಬರೂ ಇಂಟರ್‌ಲಾಕೆನ್ನಿನಾಚೆಯಿಂದ ದಿನಾ ಬರುತ್ತಾರೆ. ನಿಮ್ಮ ಹೋಮ್‌ಸ್ಟೇಯ ಅಡುಗೆಯವರ ಪಾಡೇ ಅವರದೂ.

ಮನೆಗೆ ಹೋಗಿ ಶುಶ್ರೂಷೆ ಮಾಡುವ ನರ್ಸ್, ಲೌಟರ್‌ಬ್ರುನ್ನೆನ್ ಕಣಿವೆ, ಮೂಲ ಹುಬ್ಬಳ್ಳಿ

ಆ ಅಜ್ಜಿಯರ ಮನೆಗಳಿಗೆ ಹೋಗುವವಳು ನಾನು. ಇಲ್ಲಿ ವೃದ್ಧರ ಮನೆಗೇ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವ, ಔಷಧಿ ಹಂಚಿಡುವ, ಸ್ನಾನ ಮಾಡಿಸುವ ಸೇವೆಗೆ ಸ್ಪಿಟೆಕ್ಸ್ ಎನ್ನುತ್ತಾರೆ. ಮಂಗಳೂರಿನಲ್ಲಿ ಓದಿದ ನರ್ಸಿಂಗ್ ಪದವಿಗೆ ಸ್ವಿಸ್ ರೆಡ್ ಕ್ರಾಸ್‌ನಿಂದ ಮಾನ್ಯತೆ ಪಡೆಯಬೇಕಾಯಿತು. ಅದಕ್ಕಿಂತ ಕಷ್ಟವಾದದ್ದು ಜರ್ಮನ್ ಕಲಿಯುವುದು, ಕಲಿತ ಮೇಲೆ ಇಲ್ಲಿಯವರು ಆಡುವ ಮಾತು ಆ ಪುಸ್ತಕದ ಜರ್ಮನ್ ಅಲ್ಲವೆಂದು ತಿಳಿದು ಮತ್ತೆ ಕಲಿಯುವುದು.

ಲೌಟರ್‌ಬ್ರುನ್ನೆನ್ ಎಂದರೆ ಎರಡೂ ಕಡೆ ಗೋಡೆಯಂಥ ಬಂಡೆಗಳಿರುವ ಕಣಿವೆ. ಅದರೊಳಗೆ 72 ಜಲಪಾತಗಳಿವೆ ಎನ್ನುತ್ತಾರೆ, ಊರ ಪಕ್ಕದ ಷ್ಟೌಬ್‌ಬಾಖ್ ಒಂದೇ ಸುಮಾರು 300 ಮೀಟರ್ ಬೀಳುತ್ತದೆ. ಆ ಜಲಪಾತ, ಚರ್ಚು, ರಸ್ತೆ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವ ಜಾಗವೊಂದಿದೆ. ಬೇಸಿಗೆಯ ಬೆಳಗ್ಗೆ ಹತ್ತು ಗಂಟೆಯ ನಂತರ ನನ್ನ ಕಾರು ಅಲ್ಲಿ ಹಾಯಲು ಹರಸಾಹಸ ಪಡಬೇಕು. ಇನ್ಸುಲಿನ್‌ಗೆ ಕಾದಿರುವವರು ಊರ ಆ ಕೊನೆಯಲ್ಲಿ, ಫೋಟೋಗೆ ಕಾದಿರುವವರು ರಸ್ತೆಯ ನಡುವೆ. ಕಾರಿನಲ್ಲಿ ಬರುವ ದಿನದ ಪ್ರವಾಸಿಗಳಿಗೆ ಪ್ರವೇಶ ಶುಲ್ಕ ಹಾಕಬೇಕೆಂಬ ಮಾತು 2024ರಲ್ಲಿ ಗಂಭೀರವಾಗಿಯೇ ಎದ್ದಿತು. ಬ್ರಿಯೆಂಜ್ ಸರೋವರದ ದಂಡೆಯ ಇಸೆಲ್ಟ್‌ವಾಲ್ಡ್ ಎಂಬ 400 ಜನರ ಊರಿನವರು ಇನ್ನೂ ಮುಂದೆ ಹೋಗಿದ್ದಾರೆ. ಕೊರಿಯಾದ ಧಾರಾವಾಹಿಯೊಂದರಲ್ಲಿ ಕಾಣಿಸಿಕೊಂಡ ಅವರ ದೋಣಿಕಟ್ಟೆಗೆ ತಿರುಗುಬಾಗಿಲು ಇಟ್ಟು 5 ಫ್ರಾಂಕ್ ವಸೂಲು ಮಾಡುತ್ತಾರೆ. ಅತಿಥಿ ಸತ್ಕಾರಕ್ಕೆ ಇದು ಕಳಂಕವೆಂದು ಪೇಪರಿನಲ್ಲಿ ಬರೆದವರುಂಟು. ಶೌಚಾಲಯ ತೊಳೆಯುವ ಖರ್ಚು ಯಾರು ಕೊಡಬೇಕೆಂದು ಅವರು ಬರೆಯಲಿಲ್ಲ.

ನನಗೆ ಪ್ರಿಯವಾದದ್ದು ಗಿಮ್ಮೆಲ್‌ವಾಲ್ಡ್‌ಗೆ ಹೋಗುವ ದಿನ. ಬಂಡೆಯ ತಲೆಯ ಮೇಲಿರುವ ನೂರು ಚಿಲ್ಲರೆ ಜನರ ಊರದು, ಕಾರು ಹೋಗುವ ರಸ್ತೆಯಿಲ್ಲ, ಕೇಬಲ್ ಕಾರೇ ಬಸ್ಸು. ರಕ್ತದೊತ್ತಡದ ಯಂತ್ರದ ಚೀಲ ಹೊತ್ತು ನಾನು ನಿಂತಿದ್ದರೆ ಪಕ್ಕದಲ್ಲಿ ಹಾಲಿನ ಕ್ಯಾನು, ಅಂಚೆಯ ಚೀಲ, ಸ್ಕೂಲ್ ಬ್ಯಾಗಿನ ಮಕ್ಕಳು, ಸಿಂಗಪುರದ ನವದಂಪತಿ. ಮೇಲೆ ಇರುವ ಒಬ್ಬ ಅಜ್ಜ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ ಪ್ರತಿ ಸಲವೂ ನಮ್ಮ ಊರಿನಲ್ಲಿ ಈ ವರ್ಷ ಮಳೆ ಹೇಗೆ ಎಂದು ಕೇಳುತ್ತಾರೆ. ಹುಬ್ಬಳ್ಳಿ ಎಲ್ಲಿದೆಯೆಂದು ಅವರಿಗೆ ಗೊತ್ತಿಲ್ಲ. ಮಳೆ ಹೇಗೆ ಎನ್ನುವುದು ರೈತರು ರೈತರನ್ನು ಕೇಳುವ ಪ್ರಶ್ನೆ, ಅಷ್ಟೇ.

ಬರ್ನ್ ನಗರದ ಓದುಗ, ಮೂಲ ಬೆಂಗಳೂರು

ಚರ್ಚೆ ಚೆನ್ನಾಗಿದೆ, ಆದರೆ ಒಂದು ಬದಿಗೆ ವಾಲುತ್ತಿದೆ ಎಂದು ವಿನಯದಿಂದಲೇ ಹೇಳಬೇಕಾಗಿದೆ. ಪ್ರವಾಸಿಗಳು ಬರುವ ಮುಂಚೆ ಈ ಕಣಿವೆಗಳು ಬಡತನದಲ್ಲಿದ್ದವು. ಜನ ಅಮೆರಿಕಕ್ಕೆ ಗುಳೆ ಹೋಗುತ್ತಿದ್ದರು. ರೈಲು, ಆಸ್ಪತ್ರೆ, ಪ್ರೌಢಶಾಲೆ ಇಷ್ಟು ಸಣ್ಣ ಊರುಗಳಿಗೆ ಬಂದದ್ದು ಪ್ರವಾಸಿಗಳಿಂದ. ರೈತರಿಗೆ ಕಡಿದಾದ ಇಳಿಜಾರಿಗೆ ಇಷ್ಟು, ದನವನ್ನು ಮೇಲೆ ಮೇಯಿಸಿದ್ದಕ್ಕೆ ಇಷ್ಟು ಎಂದು ಕೇಂದ್ರ ಸರಕಾರ ನೇರವಾಗಿ ಹಣ ಕೊಡುತ್ತದೆ. ಆ ಹಣ ನಗರದಲ್ಲಿ ಕಂಪ್ಯೂಟರ್ ಮುಂದೆ ಕೂರುವ ನನ್ನಂಥವರ ತೆರಿಗೆಯದು. ಹಾಗಿರುವಾಗ ಹುಲ್ಲಿನಲ್ಲಿ ಕಾಲಿಟ್ಟವರ ಮೇಲೆ ಇಷ್ಟು ಮುನಿಸು ಏಕೆ?

ಇನ್ನೊಂದು ಮಾತು. ನೆಲವನ್ನು ಕಾಪಾಡುವವರು ರೈತರು, ಹಾಳು ಮಾಡುವವರು ಹೋಟೆಲಿನವರು ಎಂಬ ಧ್ವನಿ ಮೇಲಿನ ಬರಹಗಳಲ್ಲಿದೆ. ಇಂಟರ್‌ಲಾಕೆನ್ ನಟ್ಟನಡುವೆ ಹೊಯೆಮಾಟೆ ಎಂಬ 14 ಹೆಕ್ಟೇರಿನ ಹುಲ್ಲಿನ ಬಯಲಿದೆಯಲ್ಲ, ಪ್ಯಾರಾಗ್ಲೈಡರುಗಳು ಬಂದಿಳಿಯುವ ಜಾಗ. ಅದನ್ನು ಸೈಟು ಮಾಡಿ ಮಾರುವ ಹೊತ್ತಿಗೆ, 1864ರಲ್ಲಿ, 37 ಮಂದಿ ಹೋಟೆಲ್ ಮಾಲೀಕರು ಮತ್ತು ಊರ ಪ್ರಮುಖರು ಸೇರಿ ಕೊಂಡು, ಎಂದೆಂದಿಗೂ ಅಲ್ಲಿ ಕಟ್ಟಡ ಕೂಡದೆಂದು ಕರಾರು ಮಾಡಿಕೊಂಡರು. ಯುಂಗ್‌ಫ್ರೌ ಶಿಖರದ ನೋಟಕ್ಕೆ ಅಡ್ಡ ಬಂದರೆ ತಮ್ಮ ಕೋಣೆಗಳಿಗೆ ಬೆಲೆಯಿಲ್ಲವೆಂಬ ಸ್ವಾರ್ಥ ಅದರಲ್ಲಿತ್ತು, ಒಪ್ಪುತ್ತೇನೆ. ಆ ಸ್ವಾರ್ಥದಿಂದಲೇ ಒಂದೂವರೆ ಶತಮಾನದಿಂದ ಅಲ್ಲಿ ದನ ಮೇಯುತ್ತಿದೆ.

ಗ್ರಿಂಡೆಲ್‌ವಾಲ್ಡ್ ನಿವಾಸಿ, ಮೂಲ ಶಿರಸಿ

ಹೊಯೆಮಾಟೆಯ ಉದಾಹರಣೆ ಸೊಗಸಾಗಿದೆ, ಮತ್ತು ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಹಲವರು ಸೇರಿ ಮಾರುವುದಿಲ್ಲವೆಂದು ಕರಾರು ಮಾಡಿಕೊಂಡದ್ದು ಉಳಿಯಿತು. ಒಬ್ಬೊಬ್ಬರೇ ಮಾರಿದ್ದು ಹೋಯಿತು. ಸಬ್ಸಿಡಿ ಬಗ್ಗೆ ತಾವು ಹೇಳಿದ್ದು ಸತ್ಯ. ಆ ಹಣವಿಲ್ಲದೆ ನಮ್ಮ ಕೊಟ್ಟಿಗೆ ನಡೆಯುವುದಿಲ್ಲ. ಆದರೆ ನಮ್ಮ ಕೊಯ್ಲು ನಿಂತರೆ ಎರಡು ಮೂರು ವರ್ಷದಲ್ಲಿ ಆ ಇಳಿಜಾರಿನಲ್ಲಿ ಪೊದೆ ಏಳುತ್ತದೆ, ಬಾಗಿದ ಉದ್ದ ಹುಲ್ಲಿನ ಮೇಲೆ ಹಿಮ ಜಾರುತ್ತದೆ, ಪೋಸ್ಟ್‌ಕಾರ್ಡಿನಲ್ಲಿರುವ ಹಸಿರೂ ಇರುವುದಿಲ್ಲ. ಹೋಟೆಲಿನ ಬಿಲ್ಲಿನಲ್ಲಿ ಆ ನೋಟಕ್ಕೆಂದು ಕಾಲಮ್ಮಿಲ್ಲ. ತೆರಿಗೆದಾರರು ಕೊಡುವುದು ಅದಕ್ಕೇ ಎಂದು ನಾನು ತಿಳಿದಿದ್ದೇನೆ.

ನಿವೃತ್ತ ಉಪನ್ಯಾಸಕರು, ಮೈಸೂರು

ಮಗನ ಮನೆಗೆಂದು ಜ್ಯೂರಿಕ್‌ಗೆ ಬಂದಾಗ ಈ ಕಡೆ ಬಂದಿದ್ದೆವು. ಬ್ಲಾಟೆನ್ ಎಂಬ ಹಳ್ಳಿ ಕಲ್ಲು ಮತ್ತು ಹಿಮದ ಅಡಿ ಸೇರಿದ ಸುದ್ದಿಯನ್ನು ಆಮೇಲೆ ಟಿವಿಯಲ್ಲಿ ನೋಡಿ ದಿಗಿಲಾಯಿತು. ತಮ್ಮ ಊರುಗಳಿಗೂ ಅಂಥ ಭಯವಿದೆಯೇ?

ನರ್ಸ್, ಲೌಟರ್‌ಬ್ರುನ್ನೆನ್ ಕಣಿವೆ

ಇದೆ ಸರ್. ಬ್ಲಾಟೆನ್ ಇರುವುದು ನಮ್ಮ ಬೆಟ್ಟಸಾಲಿನ ಆಚೆ ಬದಿಯ ಲ್ಯೋಟ್‌ಷೆನ್‌ಟಾಲ್‌ನಲ್ಲಿ. 2025ರ ಮೇ 28ರಂದು ಬಿರ್ಖ್ ಹಿಮನದಿ ಕುಸಿದು ಊರಿನ ಸುಮಾರು ಶೇ. 90 ಭಾಗ ಮುಚ್ಚಿಹೋಯಿತು. ಒಂಬತ್ತು ದಿನ ಮುಂಚೆಯೇ ಸುಮಾರು 300 ಮಂದಿಯನ್ನೂ ದನಗಳನ್ನೂ ಸ್ಥಳಾಂತರಿಸಿದ್ದರು. ಆದರೂ ಒಬ್ಬರು ಪ್ರಾಣ ಕಳೆದುಕೊಂಡರು. ಆ ವಾರ ನಾನು ಹೋದ ಮನೆಗಳಲ್ಲೆಲ್ಲ ರೇಡಿಯೋ ಹಚ್ಚಿತ್ತು, ಯಾರೂ ಬಂದ್ ಮಾಡಲು ಬಿಡುತ್ತಿರಲಿಲ್ಲ. 2022 ಮತ್ತು 2023 ಎಂಬ ಎರಡೇ ವರ್ಷಗಳಲ್ಲಿ ದೇಶದ ಹಿಮನದಿಗಳು ತಮ್ಮ ಗಾತ್ರದ ಹತ್ತರಲ್ಲೊಂದು ಭಾಗ ಕಳೆದುಕೊಂಡಿವೆ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು.

ಗ್ರಿಂಡೆಲ್‌ವಾಲ್ಡ್ ನಿವಾಸಿ, ಮೂಲ ಶಿರಸಿ

ನಮ್ಮ ಕೆಳ ಹಿಮನದಿ ಹಿಂದೆ ಸರಿದಾಗ ಅದರ ಅಂಚಿನ ಮಣ್ಣಿನ ದಿಣ್ಣೆ ಕುಸಿದು 2005ರಲ್ಲಿ ಅಲ್ಲಿದ್ದ ಊಟದ ಮನೆಯನ್ನೇ ಬಿಡಬೇಕಾಯಿತು. ಮರುವರ್ಷ ಐಗರ್‌ನ ಪೂರ್ವ ಭಾಗದಿಂದ ದೊಡ್ಡ ಬಂಡೆ ಕಳಚಿ ಬಿತ್ತು. ಕರಗಿದ ನೀರು ಸರೋವರವಾಗಿ ನಿಂತು ಊರಿಗೆ ಅಪಾಯವಾದಾಗ ಬಂಡೆಯಲ್ಲಿ ಸುರಂಗ ಕೊರೆದು ನೀರು ಹೊರಬಿಟ್ಟರು. ಇವೆಲ್ಲ ಹೊಸ ಭಯಗಳು. ಹಳೆಯದು ಗಾಳಿಯದು. ದಕ್ಷಿಣದಿಂದ ಬಿಸಿಯಾಗಿ ಬೀಸುವ ಫ್ಯೋನ್ ಗಾಳಿಗೆ 1892ರ ಆಗಸ್ಟಿನಲ್ಲಿ ಬೆಂಕಿ ಹತ್ತಿ ಗ್ರಿಂಡೆಲ್‌ವಾಲ್ಡಿನ ನಡುಭಾಗವೇ ಸುಟ್ಟಿತ್ತು. ಆ ಗಾಳಿ ಎದ್ದ ರಾತ್ರಿ ನಮ್ಮವರು, ಅಗ್ನಿಶಾಮಕ ದಳದ ಸ್ವಯಂಸೇವಕರಾದ್ದರಿಂದ, ಪೇಜರನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡೇ ಮಲಗುತ್ತಾರೆ.

ಹೋಮ್‌ಸ್ಟೇ ನಡೆಸುವವರು, ಮೂಡಿಗೆರೆ

ಅಕ್ಕ, ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ದನ ಎಲ್ಲರದೂ ಒಟ್ಟಿಗೆ ಮೇಯುತ್ತದೆ, ಹಾಲು ಒಂದೇ ಹಂಡೆಗೆ ಬೀಳುತ್ತದೆ ಎಂದಾದರೆ ಯಾರ ಪಾಲು ಎಷ್ಟೆಂದು ಲೆಕ್ಕ ಹಿಡಿಯುವುದು ಹೇಗೆ? ನಮ್ಮ ಹಾಲಿನ ಡೇರಿಯಲ್ಲಿ ದಿನವೂ ಇದೇ ತಕರಾರು.

ಗ್ರಿಂಡೆಲ್‌ವಾಲ್ಡ್ ನಿವಾಸಿ, ಮೂಲ ಶಿರಸಿ

ಒಂದೊಂದು ಹಸುವಿನ ಹಾಲನ್ನೂ ಅಳೆದು ಬರೆದಿಡುತ್ತಾರೆ, ಅದೇ ಪ್ರಮಾಣದಲ್ಲಿ ಶರತ್ಕಾಲದಲ್ಲಿ ಚೀಸ್ ಹಂಚಿಕೆ. ಒಂದು ಕಿಲೋ ಚೀಸಿಗೆ ಸುಮಾರು ಹತ್ತು ಲೀಟರ್ ಹಾಲು. ಸೌದೆ ಒಲೆಯ ಮೇಲೆ ತಾಮ್ರದ ಹಂಡೆಯಲ್ಲಿ ಮಾಡಿದ ಆ ಗುಂಡು ಗುಂಡು ಚಕ್ರಗಳನ್ನು ಬೇಸಿಗೆಯುದ್ದಕ್ಕೂ ಉಪ್ಪುನೀರಿನಿಂದ ಒರೆಸಿ ಮಗುಚುತ್ತಿರಬೇಕು. ಬರ್ನಿನ ಬೆಟ್ಟದ ಚೀಸೆಂದು ಅಧಿಕೃತ ಹೆಸರು ಪಡೆಯಲು ಕನಿಷ್ಠ ನಾಲ್ಕೂವರೆ ತಿಂಗಳು, ಹೆರೆದು ತಿನ್ನುವ ಗಟ್ಟಿ ಬಗೆಗೆ 18 ತಿಂಗಳು ಮಾಗಬೇಕು. ಥೂನ್ ಸರೋವರದ ಮೇಲಿನ ಯುಸ್ಟಿಸ್‌ಟಾಲ್‌ನಲ್ಲಿ ಸೆಪ್ಟೆಂಬರಿನಲ್ಲಿ ನಡೆಯುವ ಹಂಚಿಕೆ ಹೆಸರುವಾಸಿ. ಉಗ್ರಾಣದ ಮುಂದೆ ಚಕ್ರಗಳನ್ನು ಸಮಪಾಲಿನ ರಾಶಿಗಳಾಗಿ ಪೇರಿಸುತ್ತಾರೆ. ಜೂನ್ ತಿಂಗಳ ಚೀಸ್ ಯಾರಿಗೆ, ಆಗಸ್ಟಿನದು ಯಾರಿಗೆ ಎಂಬ ತಕರಾರು ಬಾರದಂತೆ ಪ್ರತಿ ರಾಶಿಯಲ್ಲೂ ಹೊಸತು ಹಳತು ಬೆರೆಸಿ, ಯಾವ ರಾಶಿ ಯಾರದೆಂದು ಚೀಟಿ ಎತ್ತುತ್ತಾರೆ; ಹೆಚ್ಚು ಹಾಲಿನ ಲೆಕ್ಕವಿದ್ದವರಿಗೆ ಹೆಚ್ಚು ರಾಶಿ. ಡೇರಿಯ ತಕರಾರಿಗೆ ಚೀಟಿ ಎತ್ತುವುದು ಒಗ್ಗುತ್ತದೋ ಇಲ್ಲವೋ ತಾವೇ ನೋಡಿ.

ಒಬ್ಬ ತಂದೆ, ಉಡುಪಿ

ನನ್ನ ಮಗ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿದ್ದಾನೆ. ಅಲ್ಲಿಯ ಹೋಟೆಲುಗಳಿಗೆ ಜನ ಸಿಗುವುದಿಲ್ಲ ಎಂದು ಕೇಳಿದ್ದೇನೆ, ಇಲ್ಲಿ ಕೆಲಸವಿಲ್ಲ. ಅವನು ಅಲ್ಲಿಗೆ ಬರಬಹುದೇ? ದಲ್ಲಾಳಿಯೊಬ್ಬರು ವೀಸಾ ಮಾಡಿಸಿಕೊಡುತ್ತೇನೆಂದು ಮುಂಗಡ ಕೇಳುತ್ತಿದ್ದಾರೆ.

ಅಡುಗೆಯವರು, ಇಂಟರ್‌ಲಾಕೆನ್, ಮೂಲ ಕುಂದಾಪುರ

ಮುಂಗಡ ಕೊಡಬೇಡಿ ಮಾರಾಯರೇ. ಐರೋಪ್ಯ ಒಕ್ಕೂಟದವರು ಇಲ್ಲಿ ಸುಲಭವಾಗಿ ಕೆಲಸಕ್ಕೆ ಸೇರಬಹುದು. ನಮ್ಮಂಥ ಹೊರದೇಶದವರಿಗೆ ವರ್ಷಕ್ಕಿಷ್ಟೇ ಪರವಾನಗಿ ಎಂಬ ಮಿತಿಯಿದೆ, ಐರೋಪ್ಯರಲ್ಲಿ ಯಾರೂ ಸಿಗಲಿಲ್ಲವೆಂದು ಮಾಲೀಕರೇ ತೋರಿಸಬೇಕು. ಬಡಿಸುವ, ಕೋಣೆ ಸ್ವಚ್ಛ ಮಾಡುವ ಕೆಲಸಕ್ಕೆ ಅದು ಸಿಗುವುದೇ ಇಲ್ಲ. ಭಾರತೀಯ ಅಡುಗೆಯ ತಜ್ಞರಿಗೆ ಒಂದು ಕಿರುದಾರಿಯಿದೆ. ಅದಕ್ಕೆ ವರ್ಷಗಟ್ಟಲೆ ಅನುಭವದ ಪತ್ರ ಬೇಕು, ಅರ್ಜಿ ಹಾಕಬೇಕಾದದ್ದು ಇಲ್ಲಿಯ ಹೋಟೆಲಿನವರೇ, ದಲ್ಲಾಳಿಯಲ್ಲ. ಇಲ್ಲಿಯ ಹೋಟೆಲ್ ಶಾಲೆಗೆ ಸೇರಿ ತರಬೇತಿ ಅವಧಿಯಲ್ಲಿ ದುಡಿಯುವವರನ್ನು ನೋಡಿದ್ದೇನೆ. ತಿಂಗಳಿಗೆ 2,300 ಫ್ರಾಂಕ್‌ಗಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಶಾಲೆಯ ಶುಲ್ಕ ಮಾತ್ರ ಹತ್ತಾರು ಲಕ್ಷ ರೂಪಾಯಿ, ಓದು ಮುಗಿದ ಮೇಲೆ ಉಳಿಯುವುದಕ್ಕೆ ಖಾತರಿಯಿಲ್ಲ. ಮಗ ಅಡುಗೆಯ ಕಡೆಯವನಾಗಿದ್ದರೆ ಊರಿನಲ್ಲೇ ಒಳ್ಳೆಯ ಅಡುಗೆಮನೆಯಲ್ಲಿ ಕೆಲವು ವರ್ಷ ಕೈ ಪಳಗಿಸಲಿ, ಜೊತೆಗೆ ಜರ್ಮನ್ ಕಲಿಯಲಿ, ಸೇವಾಪತ್ರಗಳನ್ನು ಜೋಪಾನವಾಗಿಡಲಿ. ಆಮೇಲೆ ನನಗೆ ಇಲ್ಲಿಯೇ ಬರೆಯಿರಿ. ಯಾವ ಕಾಗದ ಯಾವ ಕಚೇರಿಗೆ ಹೋಗಬೇಕೆಂದು ತಿಳಿಸುತ್ತೇನೆ.